ಆರ್ಗ್ಯಾನಿಕ್ ಸೋಲಾರ್ ಸೆಲ್: ದಕ್ಷತೆ 1.1% ದಾಟುತ್ತಿಲ್ಲ, ಎಲ್ಲಿ ಸೋರುತ್ತಿದೆ?

ಬಿಸಿಲುಕುದುರೆ | ಸೋಮವಾರ, ರಾತ್ರಿ 9.42

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಆರ್ಗ್ಯಾನಿಕ್ ಸೋಲಾರ್ ಸೆಲ್ ಮಾಡುತ್ತಿದ್ದೇನೆ. ಅಂದರೆ ಸಿಲಿಕಾನ್ ಬದಲು ಇಂಗಾಲದ ಅಣುಗಳನ್ನು ದ್ರಾವಣ ಮಾಡಿ ಗಾಜಿನ ಮೇಲೆ ತೆಳ್ಳಗೆ ಹಚ್ಚುವ ಸೆಲ್.

ಪದರಗಳು ಹೀಗಿವೆ. ಗಾಜು, ಅದರ ಮೇಲೆ ಐಟಿಒ (ಕರೆಂಟು ಹರಿಸುವ ಪಾರದರ್ಶಕ ಆಕ್ಸೈಡ್), ಆಮೇಲೆ ಪೆಡಾಟ್-ಪಿಎಸ್‌ಎಸ್ (ಕರೆಂಟು ಹರಿಸುವ ಪ್ಲಾಸ್ಟಿಕ್), ಆಮೇಲೆ ಪಿ3ಎಚ್‌ಟಿ ಎಂಬ ಪಾಲಿಮರ್ ಮತ್ತು ಪಿಸಿಬಿಎಂ ಎಂಬ ಫುಲ್ಲರೀನ್ (ಚೆಂಡಿನಾಕಾರದ ಇಂಗಾಲದ ಅಣು) ಮಿಶ್ರಣ (ಕ್ಲೋರೋಬೆಂಜೀನ್ ದ್ರಾವಕದಲ್ಲಿ, ತೂಕದಲ್ಲಿ 1:1), ಕೊನೆಗೆ ಅಲ್ಯೂಮಿನಿಯಂ. ಗ್ಲೋವ್ ಬಾಕ್ಸ್ (ಗಾಳಿ, ತೇವ ನುಸುಳದ ಪೆಟ್ಟಿಗೆ) ಇಲ್ಲ, ಎಲ್ಲಾ ಹೊರಗಿನ ಗಾಳಿಯಲ್ಲೇ. ಇಲ್ಲಿ ಈಗ ಬಿಡದೆ ಮಳೆ.

ಸಿಕ್ಕ ಲೆಕ್ಕ: ಓಪನ್ ಸರ್ಕ್ಯೂಟ್ ವೋಲ್ಟೇಜ್ (ಕರೆಂಟು ಎಳೆಯದಿದ್ದಾಗಿನ ವೋಲ್ಟೇಜ್) 0.56, ಕರೆಂಟು ಚದರ ಸೆಂಟಿಮೀಟರಿಗೆ 6.2 ಮಿಲಿಆಂಪಿಯರ್, ಫಿಲ್ ಫ್ಯಾಕ್ಟರ್ (ಈ ಎರಡರ ಗುಣಲಬ್ಧದಲ್ಲಿ ನಿಜಕ್ಕೂ ಕೈಗೆ ಬರುವ ಪಾಲು) 32%. ದಕ್ಷತೆ 1.1%. ಪೇಪರುಗಳಲ್ಲಿ ಇದೇ ಮಿಶ್ರಣಕ್ಕೆ 4% ಬಂದಿದೆ. ನಮ್ಮ ಗೈಡ್ ಹೇಳುವುದು, "ಹಳೇ ಮೆಟೀರಿಯಲ್ ಬಿಡು, ವೈ6 ತರಿಸು". ಪಿಸಿಬಿಎಂ ಬದಲು ಹಾಕುವ ಹೊಸ ಅಣು ಅದು. ಅದರ ರೇಟು ನೋಡಿ ಸುಮ್ಮನಾದೆ. ಹೊಸ ಮೆಟೀರಿಯಲ್ ಇಲ್ಲದೆ ಇದನ್ನು ಮೇಲೆ ಎತ್ತಲು ಆಗುತ್ತಾ?

ಸುಮ್ನೆ_ಓದೋನು | ರಾತ್ರಿ 9.58

1986ರಲ್ಲಿ ಕೊಡ್ಯಾಕ್ ಕಂಪನಿಯ ಚಿಂಗ್ ಟ್ಯಾಂಗ್ ಎರಡು ಪದರದ ಸೆಲ್ ಮಾಡಿ ಸುಮಾರು 1% ತೆಗೆದಾಗ ಅದು ದೊಡ್ಡ ಸುದ್ದಿ. ನೀವು ಅವರನ್ನು ದಾಟಿದ್ದೀರಿ. ಪಾರ್ಟಿ ಯಾವಾಗ?

ಜಕ್ಕೂರು_ಜಂಕ್ಷನ್ | ರಾತ್ರಿ 10.20

ಮೊದಲು ನಿಮ್ಮ ಮೂರು ನಂಬರನ್ನು ಬಿಡಿಸಿ ನೋಡೋಣ. ದಕ್ಷತೆ ಅಂದರೆ ಈ ಮೂರರ ಗುಣಲಬ್ಧ ಅಷ್ಟೇ. 0.56 ವೋಲ್ಟ್ ಪರವಾಗಿಲ್ಲ, ಈ ಮಿಶ್ರಣಕ್ಕೆ 0.6ರ ಆಸುಪಾಸು ಬಂದರೆ ಅದೇ ಗರಿಷ್ಠ. ಕರೆಂಟು 9-10 ಬರಬೇಕಿತ್ತು, ಸ್ವಲ್ಪ ಕಡಿಮೆ. ಆದರೆ ನಿಜವಾದ ಕಳ್ಳ ಫಿಲ್ ಫ್ಯಾಕ್ಟರ್. ಚೆನ್ನಾಗಿ ಮಾಡಿದ ಸೆಲ್‌ನಲ್ಲಿ 60-65% ಇರುತ್ತದೆ, ನಿಮ್ಮದು ಅದರ ಅರ್ಧ. ಇದೊಂದು ಸರಿಯಾದರೇ 2% ದಾಟುತ್ತೀರಿ.

ಕರೆಂಟು-ವೋಲ್ಟೇಜ್ ಗ್ರಾಫ್ ಹಾಕಿ. ಸೊನ್ನೆ ವೋಲ್ಟ್ ಹತ್ತಿರ ಗೆರೆ ಓರೆಯಾಗಿದ್ದರೆ ಪದರದಲ್ಲಿ ತೂತಿದೆ, ಒಳಗೇ ಶಾರ್ಟ್ ಆಗುತ್ತಿದೆ. ಬಲತುದಿಯಲ್ಲಿ ನೇರವಾಗಿ ಏರದೆ ಮಲಗಿದ್ದರೆ ಸೀರೀಸ್ ರೆಸಿಸ್ಟೆನ್ಸ್, ಅಂದರೆ ಕರೆಂಟು ಹರಿಯುವ ದಾರಿಯ ತಡೆ, ಜಾಸ್ತಿ. ನಡುವೆ ಎಸ್ ಆಕಾರದ ಡೊಂಕು ಇದ್ದರೆ ಲೋಹ ಮತ್ತು ಪಾಲಿಮರ್ ಸೇರುವ ಕಡೆ ಅಡ್ಡಗೋಡೆ ಎದ್ದಿದೆ ಎಂದು ಅರ್ಥ. ಗಾಳಿಯಲ್ಲಿ ಅಲ್ಯೂಮಿನಿಯಂ ಬಳಸುವವರಿಗೆ ಇದು ತಪ್ಪದ ಕಾಟ, ಅದರ ಅಡಿಯಲ್ಲಿ ಆಕ್ಸೈಡ್ ಕಟ್ಟಿಕೊಳ್ಳುತ್ತದೆ.

ಮತ್ತೆ ಎರಡು ಪ್ರಶ್ನೆ. ಪದರ ಹಚ್ಚಿದ ಮೇಲೆ ಹೇಗೆ ಒಣಗಿಸಿದಿರಿ? ಬಿಸಿ ಮಾಡಿದಿರಾ, ಎಷ್ಟಕ್ಕೆ?

ಬಿಸಿಲುಕುದುರೆ | ರಾತ್ರಿ 10.31

ಸ್ಪಿನ್ ಕೋಟರ್‌ನಲ್ಲಿ ಒಂದು ನಿಮಿಷ 1500 ಸುತ್ತಿನ ವೇಗ. ತೆಗೆಯುವಾಗಲೇ ಪೂರ್ತಿ ಒಣಗಿರುತ್ತದೆ. ಆಮೇಲೆ ಹಾಟ್ ಪ್ಲೇಟ್ ಮೇಲೆ 80 ಡಿಗ್ರಿ, ಹತ್ತು ನಿಮಿಷ. ಗ್ರಾಫಿನಲ್ಲಿ ಎಸ್ ಡೊಂಕು ಇದೆ ಸಾರ್, ಚೆನ್ನಾಗಿ ಕಾಣುತ್ತದೆ.

ಜಕ್ಕೂರು_ಜಂಕ್ಷನ್ | ರಾತ್ರಿ 10.55

ಸಿಕ್ಕಿತು. 80 ಡಿಗ್ರಿ ಏನೂ ಸಾಲದು. ಪಿ3ಎಚ್‌ಟಿಗೆ 140-150 ಡಿಗ್ರಿ ಬೇಕು. 2005ರಲ್ಲಿ ಈ ಮಿಶ್ರಣದ ದಕ್ಷತೆ 4-5ಕ್ಕೆ ಏರಿದ್ದೇ ಈ ಥರದ ಕೆಲಸದಿಂದ. ಅಮೆರಿಕದ ಸಾಂಟಾ ಬಾರ್ಬರಾದ ಹೀಗರ್ ಗುಂಪು ಬಿಸಿ ಮಾಡಿ ಏರಿಸಿತು, ಲಾಸ್ ಏಂಜಲೀಸ್‌ನ ಯಾಂಗ್ ಯಾಂಗ್ ಗುಂಪು ನಿಧಾನವಾಗಿ ಒಣಗಿಸಿ ಏರಿಸಿತು. ಅಣು ಹೊಸದಲ್ಲ, ಕೈಕೆಲಸ ಹೊಸದು.

ನಿಧಾನ ಒಣಗಿಸುವುದಕ್ಕೆ ಖರ್ಚೇ ಇಲ್ಲ. ಡೈಕ್ಲೋರೋಬೆಂಜೀನ್ ತಗೊಳ್ಳಿ, ಅದು ಕ್ಲೋರೋಬೆಂಜೀನ್‌ಗಿಂತ ನಿಧಾನವಾಗಿ ಆರುತ್ತದೆ. ಸ್ಪಿನ್ನಿಂಗನ್ನು ಪದರ ಇನ್ನೂ ಒದ್ದೆ ಇರುವಾಗಲೇ ನಿಲ್ಲಿಸಿ ಪೆಟ್ರಿ ಡಿಶ್ ಒಳಗೆ ಮುಚ್ಚಿಡಿ. ಒದ್ದೆ ಇರುವಾಗ ಬಣ್ಣ ಕಿತ್ತಳೆ. ಮುಚ್ಚಿಟ್ಟು ನೋಡುತ್ತಾ ಕೂತರೆ ಒಂದು ಮೂಲೆಯಿಂದ ಕಂದು ತಿರುಗಿ, ಆಮೇಲೆ ನೇರಳೆಗೆ ಹೋಗುತ್ತದೆ. ಆ ನೇರಳೆಯೇ ಪಾಲಿಮರ್ ಸರಪಳಿಗಳು ಸಾಲಾಗಿ ಒತ್ತಾಗಿ ಕೂತವು ಎನ್ನುವ ಗುರುತು. ಗಬಕ್ಕನೆ ಒಣಗಿಸಿದರೆ ಕಿತ್ತಳೆ ಛಾಯೆ ಉಳಿದೇ ಬಿಡುತ್ತದೆ. ಆಗ ಸರಪಳಿಗಳು ಸಿಕ್ಕುಸಿಕ್ಕಾಗಿವೆ, ಹೋಲ್‌ಗಳಿಗೆ (ಎಲೆಕ್ಟ್ರಾನು ಬಿಟ್ಟುಹೋದ ಖಾಲಿ ಜಾಗಗಳಿಗೆ) ಓಡಾಡಲು ದಾರಿ ಇಲ್ಲ. ಸ್ಪೆಕ್ಟ್ರೋಮೀಟರ್ ಇದ್ದರೆ 600 ನ್ಯಾನೋಮೀಟರ್ ಹತ್ತಿರ ಒಂದು ಭುಜ ಎದ್ದಿದೆಯಾ ನೋಡಿ.

ಮಾಳಿಗೆ_ಸೋಲಾರ್ | ಮಂಗಳವಾರ, ಬೆಳಗ್ಗೆ 6.50

ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬ್ಯಾಡ್ರಿ. ಹುಬ್ಬಳ್ಳಿ ಕಡೆ ಮನೆ ಮಾಳಿಗೆಗೆ ಸೋಲಾರ್ ಕೂಡಿಸುವುದು ನನ್ನ ಕೆಲಸ. ಈಗ ಬರುವ ಸಿಲಿಕಾನ್ ಪ್ಯಾನಲ್ 21-22% ಕೊಡುತ್ತದೆ, 25 ವರ್ಷ ವಾರಂಟಿ. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಪಾರ್ಕ್ ನಿಂತಿದೆ. ನೀವು 1.1ರಿಂದ 4ಕ್ಕೆ ಹೋಗಲು ಕಿತ್ತಳೆ ನೇರಳೆ ಅಂತ ಕೂತಿದ್ದೀರಿ. ಯಾರಿಗೆ ಬೇಕ್ರಿ ಇದು?

ಪೆರೋವ್_ಪ್ರೇಮಿ | ಬೆಳಗ್ಗೆ 7.15

ಅದೇ ನಾನೂ ಕೇಳೋದು. ತೆಳು ಪದರವೇ ಬೇಕೆಂದರೆ ಪೆರೋವ್‌ಸ್ಕೈಟ್ ಎಂಬ ಹರಳು ಪದಾರ್ಥದ ಸೆಲ್ ಇದೆ. 26% ದಾಟಿ ಹೋಗಿದೆ. ಆರ್ಗ್ಯಾನಿಕ್‌ನವರು ಮೂವತ್ತು ವರ್ಷ ಹೊಡೆದಾಡಿದ್ದನ್ನು ಅವರು ಹತ್ತೇ ವರ್ಷದಲ್ಲಿ ಮಾಡಿ ಮುಗಿಸಿದರು.

ನ್ಯಾನೋ_ನಾಗವೇಣಿ | ಬೆಳಗ್ಗೆ 8.02

@ಪೆರೋವ್_ಪ್ರೇಮಿ ಅದರೊಳಗಿನ ಸೀಸವನ್ನೂ ಲೆಕ್ಕಕ್ಕೆ ಹಿಡಿಯಿರಿ. ನೀರು ತಾಗಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

@ಮಾಳಿಗೆ_ಸೋಲಾರ್ ಅಣ್ಣ, ನಿಮ್ಮ ಪ್ಯಾನಲ್ ಒಳಗಿನ ಸಿಲಿಕಾನ್ 150 ಮೈಕ್ರಾನ್ ಆಸುಪಾಸು ದಪ್ಪ. ಇವರ ಪದರ 100 ನ್ಯಾನೋಮೀಟರ್. ಸಾವಿರ ಪಟ್ಟಿಗೂ ಮೀರಿ ತೆಳ್ಳಗೆ. ಪ್ಲಾಸ್ಟಿಕ್ ಹಾಳೆ ಮೇಲೆ ಅಚ್ಚು ಹಾಕಬಹುದು, ಸುರುಳಿ ಸುತ್ತಬಹುದು. ಭಾರ ತಾಳದ ತಗಡಿನ ಚಾವಣಿಗೆ ನಿಮ್ಮ ಪ್ಯಾನಲ್ ಕೂಡಿಸುತ್ತೀರಾ? ಇಲ್ಲ ಅಲ್ವಾ.

ಈಗ ಮೂಲ ಪ್ರಶ್ನೆ. ಜಕ್ಕೂರಿನವರ ಮಾತಿಗೆ ನನ್ನ ತಕರಾರಿದೆ. ಕೈಕೆಲಸದಿಂದ 1 ಹೋಗಿ 4 ಆಗುತ್ತದೆ, ಒಪ್ಪಿದೆ. ಅಲ್ಲಿಂದ ಮುಂದೆ? ಪಿ3ಎಚ್‌ಟಿ ಸೆರೆಹಿಡಿಯುವ ಬೆಳಕಿನ ಶಕ್ತಿ ಸುಮಾರು 1.9 ಎಲೆಕ್ಟ್ರಾನ್ ವೋಲ್ಟ್, ಕೈಗೆ ಬರುವುದು 0.6 ವೋಲ್ಟ್. 1.3 ದಾರಿಯಲ್ಲೇ ಖರ್ಚು. ಅದೇ ಗ್ಯಾಲಿಯಂ ಆರ್ಸೆನೈಡ್ ಎಂಬ ಇನ್ನೊಂದು ಸೋಲಾರ್ ಪದಾರ್ಥದಲ್ಲಿ 1.42ಕ್ಕೆ 1.1 ವೋಲ್ಟ್ ಕೈಗೆ ಬರುತ್ತದೆ. ಪಿ3ಎಚ್‌ಟಿಯ ಈ ನಷ್ಟ ಅಣುವಿನ ಹುಟ್ಟುಗುಣ. ಪೆಟ್ರಿ ಡಿಶ್ ಮುಚ್ಚಿ ಅದನ್ನು ಗೆಲ್ಲಲು ಆಗುವುದಿಲ್ಲ. ಗೈಡ್ ಹೇಳಿದ್ದು ಸರಿಯೇ ಇದೆ.

ನಿವೃತ್ತ_ರಸಾಯನ | ಬೆಳಗ್ಗೆ 9.30

ಇಬ್ಬರೂ ಜಗಳಕ್ಕೆ ಇಳಿಯುವ ಮುಂಚೆ, ಮಾಳಿಗೆಯವರಂಥವರಿಗೂ ತಿಳಿಯಲಿ ಅಂತ ಬುಡದ ವಿಷಯ ಹೇಳುತ್ತೇನೆ. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದ ಬಾಯಿ, ಸುಮ್ಮನಿರುವುದಿಲ್ಲ.

ಸಿಲಿಕಾನ್ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನು ಮತ್ತು ಅದು ಬಿಟ್ಟುಹೋದ ಖಾಲಿ ಜಾಗ, ಅಂದರೆ ಹೋಲ್, ಆಗಲೇ ಬೇರೆಬೇರೆ. ಆರ್ಗ್ಯಾನಿಕ್ ಅಣುಗಳಲ್ಲಿ ಹಾಗಾಗುವುದಿಲ್ಲ. ಸಿಲಿಕಾನ್‌ನ ಡೈಎಲೆಕ್ಟ್ರಿಕ್ ಕಾನ್‌ಸ್ಟೆಂಟ್ 11.7, ಇವುಗಳದ್ದು 3-4. ಹಾಗಾಗಿ ಪಾಸಿಟಿವ್ ನೆಗೆಟಿವ್ ನಡುವಿನ ಸೆಳೆತ ತಗ್ಗುವುದೇ ಇಲ್ಲ, ಜೋಡಿ ಅಂಟಿಕೊಂಡೇ ಇರುತ್ತದೆ. ಆ ಜೋಡಿಗೆ ಎಕ್ಸಿಟಾನ್ ಎನ್ನುತ್ತಾರೆ. ಅದು ಹುಟ್ಟಿದ ಜಾಗದಿಂದ ಸುಮಾರು 10 ನ್ಯಾನೋಮೀಟರ್ ಅಲೆದಾಡಿ ಸತ್ತುಹೋಗುತ್ತದೆ. ಸಾಯುವ ಮುಂಚೆ ಎಲೆಕ್ಟ್ರಾನನ್ನು ಕಿತ್ತುಕೊಳ್ಳುವ ಇನ್ನೊಂದು ಅಣು ಎದುರಾದರೆ ಮಾತ್ರ ಕರೆಂಟು.

ಟ್ಯಾಂಗ್ ಎರಡು ಪದರ ಒಂದರ ಮೇಲೊಂದು ಇಟ್ಟರು. ಗಡಿಯ ಹತ್ತಿರ ಹುಟ್ಟಿದ ಎಕ್ಸಿಟಾನ್‌ಗಳಷ್ಟೇ ಉಪಯೋಗಕ್ಕೆ ಬಂದವು, ಉಳಿದವು ದಂಡ. 1992ರಲ್ಲಿ ಸರಿಸಿಫ್ಟ್ಚಿ, ಹೀಗರ್ ಮತ್ತಿತರರು ಪಾಲಿಮರ್‌ನಿಂದ ಫುಲ್ಲರೀನ್‌ಗೆ ಎಲೆಕ್ಟ್ರಾನು ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಜಿಗಿಯುವುದನ್ನು ತೋರಿಸಿದರು. 1995ರಲ್ಲಿ ಹೀಗರ್ ಗುಂಪು ಎರಡನ್ನೂ ಬೆರೆಸಿಯೇ ಪದರ ಮಾಡಿತು. ಎಲ್ಲಿ ನೋಡಿದರಲ್ಲಿ ಗಡಿ. ಇದೇ ಬಲ್ಕ್ ಹೆಟೆರೋಜಂಕ್ಷನ್. 2000ದ ಕೆಮಿಸ್ಟ್ರಿ ನೊಬೆಲ್ ಪಡೆದ ಮೂವರಲ್ಲಿ ಇದೇ ಹೀಗರ್ ಒಬ್ಬರು. ಅದು ಸಿಕ್ಕಿದ್ದು ಕರೆಂಟು ಹರಿಸುವ ಪ್ಲಾಸ್ಟಿಕ್‌ಗೆ, ಸೋಲಾರ್‌ಗೆ ಅಲ್ಲ.

ಬೆರೆಸುವುದರಲ್ಲೂ ಹದ ಇದೆ. ತೀರಾ ಸಣ್ಣಗೆ ಬೆರೆತರೆ ಎಲೆಕ್ಟ್ರಾನಿಗೆ ಹೊರಗೆ ಹೋಗಲು ದಾರಿ ಸಿಗದೆ ಹೋಲ್ ಜೊತೆ ಮತ್ತೆ ಕೂಡಿಕೊಳ್ಳುತ್ತದೆ. ಅತಿಯಾಗಿ ಬೇರ್ಪಟ್ಟರೆ ಒಡೆದ ಮಜ್ಜಿಗೆ ಹುಳಿ ಇದ್ದ ಹಾಗೆ, ಗಂಟು ಒಂದು ಕಡೆ, ನೀರು ಒಂದು ಕಡೆ. ನಡುವೆ 10-20 ನ್ಯಾನೋಮೀಟರಿನ ಹದಕ್ಕೆ ತರುವುದೇ ಇವರೆಲ್ಲರ ಹೊಡೆದಾಟ.

ಸುಮ್ನೆ_ಓದೋನು | ಬೆಳಗ್ಗೆ 9.41

ಮೇಷ್ಟ್ರೇ, ನಮ್ಮ ಪಿಯುಸಿಯಲ್ಲಿ ನೀವು ಇರಬೇಕಿತ್ತು.

ಜಕ್ಕೂರು_ಜಂಕ್ಷನ್ | ಬೆಳಗ್ಗೆ 11.05

@ನ್ಯಾನೋ_ನಾಗವೇಣಿ ಮೇಡಂ, ಅಣು ಮುಖ್ಯ ಅಲ್ಲ ಅಂತ ನಾನೆಲ್ಲಿ ಹೇಳಿದೆ? ಆದರೆ ಒಳ್ಳೆ ಅಣು ತಂದುಕೊಟ್ಟರೂ ಹದ ತಪ್ಪಿದರೆ ಅದೂ 3-4% ಕೊಟ್ಟು ಮಲಗುತ್ತದೆ. 2007ರಲ್ಲಿ ಸಾಂಟಾ ಬಾರ್ಬರಾದ ಗುಂಪು ದ್ರಾವಣಕ್ಕೆ ಒಂದಿಷ್ಟು ಆಲ್ಕೇನ್ ಡೈಥಯಾಲ್ ಸೇರಿಸಿದ್ದಕ್ಕೇ 2.8% ಇದ್ದ ಸೆಲ್ 5.5% ಆಯಿತು. ಪಾಲಿಮರ್ ಅದೇ, ಫುಲ್ಲರೀನ್ ಅದೇ.

ನ್ಯಾನೋ_ನಾಗವೇಣಿ | ಮಧ್ಯಾಹ್ನ 12.10

ಅದು 2007. ಆಮೇಲೆ ಏನಾಯಿತು ಅದನ್ನೂ ಹೇಳಿ. ಆ ಡೈಥಯಾಲ್ ಹೋಗಿ ಡೈಅಯೋಡೋಆಕ್ಟೇನ್ ಬಂತು, ಎಲ್ಲರೂ ಅದನ್ನೇ ಹಾಕಿದರು. ಫುಲ್ಲರೀನ್ ಇಟ್ಟುಕೊಂಡು ಹತ್ತು ವರ್ಷ ಹದ ಮಾಡಿ ಮಾಡಿ 11-12%ಗೆ ನಿಂತರು. ಯಾಕೆಂದರೆ ಫುಲ್ಲರೀನ್ ಕಣ್ಣಿಗೆ ಕಾಣುವ ಬೆಳಕನ್ನು ಸರಿಯಾಗಿ ಹೀರುವುದೇ ಇಲ್ಲ. ಅರ್ಧ ಪದರ ದಂಡಕ್ಕೆ ಕೂತಿರುತ್ತದೆ.

ಗೋಡೆ ಒಡೆದಿದ್ದು ಅಣು. 2015ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಝಾನ್ ಗುಂಪು ಐಟಿಐಸಿ ಎಂಬ ಹೊಸ ಅಣು ತಂದಿತು. ಮೊದಲ ಸಲ 6.8% ಅಷ್ಟೇ, ಆದರೆ ಫುಲ್ಲರೀನ್ ಇಲ್ಲದೆ. 2019ರಲ್ಲಿ ಚಾಂಗ್‌ಶಾದ ಝೋ ಯಿಂಗ್‌ಪಿಂಗ್ ಗುಂಪು ವೈ6 ತಂದಿತು, ಪಿಎಂ6 ಪಾಲಿಮರ್ ಜೊತೆ 15.7%. ಬಿಡಿಸಿ ನೋಡಿ: 0.83 ವೋಲ್ಟ್, 25.3 ಮಿಲಿಆಂಪಿಯರ್, ಫಿಲ್ ಫ್ಯಾಕ್ಟರ್ 74.8%. ಬಾಳೆಹಣ್ಣಿನಂತೆ ಬಾಗಿದ ಅಣು, ತುದಿಗಳಲ್ಲಿ ಫ್ಲೋರಿನ್, 900 ನ್ಯಾನೋಮೀಟರ್‌ವರೆಗೂ ಬೆಳಕು ಹೀರುತ್ತದೆ. 2020ರಲ್ಲಿ ಡಿ18 ಪಾಲಿಮರ್ ಜೊತೆ 18% ದಾಟಿತು, 2024ರಲ್ಲಿ 20%. ಹದ ಮಾಡಿದವರು ಹತ್ತು ವರ್ಷ ಹೊಡೆದಾಡಿಯೂ ದಾಟದ ಗೋಡೆಯನ್ನು ವೈ6 ಕುಟುಂಬ ಐದು ವರ್ಷದಲ್ಲಿ ಎಲ್ಲೋ ಹಿಂದೆ ಬಿಟ್ಟಿತು.

ಜಕ್ಕೂರು_ಜಂಕ್ಷನ್ | ಮಧ್ಯಾಹ್ನ 1.25

15.7ರಿಂದ 20ಕ್ಕೆ ಹೋದದ್ದು ಬರೀ ಅಣುವಿನಿಂದಲಾ? ಮೂರನೇ ಅಣು ಬೆರೆಸಿದರು. ಎರಡನ್ನೂ ಒಟ್ಟಿಗೆ ಸುರಿಯದೆ ಒಂದಾದ ಮೇಲೊಂದು ಹಚ್ಚಿದರು. ಪೆಡಾಟ್ ತೆಗೆದು ಐಟಿಒ ಮೇಲೆ ಒಂದೇ ಒಂದು ಅಣುವಿನ ದಪ್ಪದ ಪದರ ಕೂರಿಸಿದರು, ಕಾರ್ಬಜೋಲ್ ತಲೆ, ಫಾಸ್ಫಾನಿಕ್ ಆಸಿಡ್ ಬಾಲದ್ದು. ಇವೆಲ್ಲ ಕೈಕೆಲಸ ಅಲ್ವಾ? ಪಾಪ ಈ ಮಗುವಿಗೆ ವೈ6 ಕೊಡಿಸಿ, 80 ಡಿಗ್ರಿ ಹಾಟ್ ಪ್ಲೇಟ್ ಮೇಲೆ ಇಡಿಸಿ, ಎಸ್ ಡೊಂಕಿನ ಜೊತೆ 3% ಬಂದರೆ ದುಡ್ಡು ಕೊಡೋರು ಯಾರು?

ನ್ಯಾನೋ_ನಾಗವೇಣಿ | ಮಧ್ಯಾಹ್ನ 1.31

ಸರಿ. ಎಸ್ ಡೊಂಕು ತೆಗೆದ ಮೇಲೆ ವೈ6 ತರಲಿ. ಅಷ್ಟಕ್ಕೆ ಒಪ್ಪಿದೆ, ಅದಕ್ಕಿಂತ ಜಾಸ್ತಿ ಒಂದಿಂಚೂ ಇಲ್ಲ.

ಮಾಳಿಗೆ_ಸೋಲಾರ್ | ಮಧ್ಯಾಹ್ನ 2.40

20% ಬಂದಿದೆ ಅಂದ್ರೆ ನಾನೂ ಸ್ವಲ್ಪ ಕಿವಿ ನೆಟ್ಟಗೆ ಮಾಡಿದೆ. ಬಾಳಿಕೆ ಎಷ್ಟು ವರ್ಷ?

ಎಲ್ಬೆ_ದಂಡೆ | ಮಧ್ಯಾಹ್ನ 3.15

ಇಲ್ಲಿಗೆ ಬರಲೆಂದೇ ಕಾಯುತ್ತಿದ್ದೆ. ನಾನು ಡ್ರೆಸ್ಡನ್‌ನಲ್ಲಿರುವ ಶಿರಸಿಯವನು, ತೆಳು ಪದರದ ಕೆಲಸದಲ್ಲೇ ಇದ್ದೇನೆ. ಈ 20% ಎಷ್ಟು ಅಗಲದ ಸೆಲ್ ಮೇಲೆ ಅಂತ ಯಾರೂ ಕೇಳಲಿಲ್ಲ. ಲ್ಯಾಬ್ ಸೆಲ್‌ಗಳು ಸಾಮಾನ್ಯವಾಗಿ 0.1 ಚದರ ಸೆಂಟಿಮೀಟರಿಗಿಂತ ಚಿಕ್ಕವು. ಶರ್ಟಿನ ಗುಂಡಿಗಿಂತ ಸಣ್ಣದು. ಅಗಲ ಮಾಡಿದಂತೆಲ್ಲ ದಕ್ಷತೆ ಇಳಿಯುತ್ತದೆ. ಐಟಿಒ ಲೋಹವಲ್ಲ, ಅದಕ್ಕೂ ರೆಸಿಸ್ಟೆನ್ಸ್ ಇದೆ. ಕರೆಂಟು ದೂರ ಹರಿದಷ್ಟೂ ಬಿಸಿಯಾಗಿ ಕಳೆಯುತ್ತದೆ. ಅದಕ್ಕೇ ಮಾಡ್ಯೂಲನ್ನು ಪಟ್ಟಿಪಟ್ಟಿಯಾಗಿ ಕೊಯ್ದು ಸರಣಿಯಲ್ಲಿ ಜೋಡಿಸುತ್ತಾರೆ. ಕೊಯ್ದ ಗೆರೆಗಳ ಜಾಗ ಪೂರ್ತಿ ನಷ್ಟ. ಮತ್ತೆ ಎಲ್ಲೋ ಒಂದು ಧೂಳಿನ ಕಣ ಕೂತರೆ ಸಣ್ಣ ಸೆಲ್ ಆದರೆ ಎಸೆದು ಇನ್ನೊಂದು ತಗೊಳ್ಳುತ್ತಾರೆ. ದೊಡ್ಡ ಹಾಳೆಯಲ್ಲಿ ಇಡೀ ಪಟ್ಟಿ ಹೋಯಿತು.

ಇಲ್ಲಿನ ಹೆಲಿಯಾಟೆಕ್ ಕಂಪನಿ 2006ರಿಂದ ಇದರ ಹಿಂದೆಯೇ ಇದೆ. ಅವರು ದ್ರಾವಣದ ಸಹವಾಸವೇ ಬೇಡ ಅಂತ ಸಣ್ಣ ಅಣುಗಳನ್ನು ನಿರ್ವಾತದಲ್ಲಿ ಆವಿ ಮಾಡಿ ಪ್ಲಾಸ್ಟಿಕ್ ಹಾಳೆ ಮೇಲೆ ಕೂರಿಸುತ್ತಾರೆ. 2016ರಲ್ಲಿ ಲ್ಯಾಬಿನಲ್ಲಿ 13.2% ತೋರಿಸಿದರು. ಮಾರಾಟಕ್ಕೆ ಬರುವ ಹಾಳೆಯ ದಕ್ಷತೆ ಅದಕ್ಕಿಂತ ಬಹಳ ಕೆಳಗೆ. ಗೋಡೆಗೆ ಅಂಟಿಸುವ ಹಾಳೆ ಅದು, ಪಾವಗಡದ ಪ್ಯಾನಲ್ ಜೊತೆ ಓಟಕ್ಕೆ ನಿಂತಿಲ್ಲ. ಅಮೆರಿಕದಲ್ಲಿ ಕೊನಾರ್ಕ ಅಂತ ಒಂದು ಕಂಪನಿ ಇತ್ತು. 2001ರಲ್ಲಿ ಶುರುವಾಗಿ ಪಾಲಿಮರ್ ಸೆಲ್ ಅಚ್ಚು ಹಾಕಿ ಬ್ಯಾಗಿಗೆ ಹೊಲಿದು ಮಾರಿತು. 2012ರಲ್ಲಿ ದಿವಾಳಿ. ಹೀಗರ್ ಕೂಡ ಅದರ ಸ್ಥಾಪಕರಲ್ಲಿ ಒಬ್ಬರು. ನೊಬೆಲ್ ಇದ್ದರೂ ಮಾರುಕಟ್ಟೆ ಮಣೆ ಹಾಕಲಿಲ್ಲ.

ಬಾಳಿಕೆ ಕೇಳಿದಿರಲ್ಲ. ಬೆಳಕಿಗೆ ಇಟ್ಟ ಮೊದಲ ಕೆಲವು ದಿನಗಳಲ್ಲೇ ದಕ್ಷತೆ ಧಡಕ್ಕನೆ ಕುಸಿಯುತ್ತದೆ, ಆಮೇಲೆ ನಿಧಾನವಾಗಿ. ಆ ಮೊದಲ ಕುಸಿತಕ್ಕೆ ಬರ್ನ್-ಇನ್ ಅಂತ ಹೆಸರು. ಸೊಗಸಾದ ಪೇಪರುಗಳು ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಗ್ರಾಫ್ ಹಾಕುತ್ತವೆ.

ಮಾಳಿಗೆ_ಸೋಲಾರ್ | ಮಧ್ಯಾಹ್ನ 3.22

ಹ್ಹೆ ಹ್ಹೆ. ನಮ್ಮಲ್ಲೂ ಹಂಗ ಕೊಟೇಶನ್ ಕೊಡುವವರು ಇದ್ದಾರೆ.

ನ್ಯಾನೋ_ನಾಗವೇಣಿ | ಮಧ್ಯಾಹ್ನ 3.50

ಎಲ್ಬೆಯವರು ಪೂರ್ತಿ ತಣ್ಣೀರು ಎರಚುವುದೂ ನ್ಯಾಯ ಅಲ್ಲ. ಹಾಳಾಗಲು ಕಾರಣಗಳು ಈಗ ಒಂದೊಂದಾಗಿ ಸಿಕ್ಕಿವೆ. ದಕ್ಷತೆ ಏರಿಸಲು ಹಾಕಿದ ಅದೇ ಡೈಅಯೋಡೋಆಕ್ಟೇನ್ ಪದರದಲ್ಲಿ ಉಳಿದರೆ ಬೆಳಕಿಗೆ ಒಡೆದು ಪಕ್ಕದ ಅಣುಗಳನ್ನು ತಿನ್ನುತ್ತದೆ. ಕೆಳಗೆ ಹಾಕುವ ಜಿಂಕ್ ಆಕ್ಸೈಡ್ ಅಲ್ಟ್ರಾವಯಲೆಟ್ ಬಿದ್ದಾಗ ಐಟಿಐಸಿ ಥರದ ಅಣುವಿನ ದುರ್ಬಲ ಬಂಧವನ್ನು ಕಡಿಯುತ್ತದೆ. ಅಲ್ಟ್ರಾವಯಲೆಟ್ ತಡೆಯುವ ಫಿಲಂ ಹಾಕಿದರೆ, ಜಿಂಕ್ ಆಕ್ಸೈಡ್ ಮೇಲೆ ತೆಳು ಹೊದಿಕೆ ಕೊಟ್ಟರೆ ಬಾಳಿಕೆ ಎಷ್ಟೋ ಪಾಲು ಏರುತ್ತದೆ.

ಇನ್ನೊಂದು ಮಾತು ಮಾಳಿಗೆ ಅಣ್ಣನಿಗೆ. ರಾಯಚೂರಿನ ಏಪ್ರಿಲ್‌ನಲ್ಲಿ ನಿಮ್ಮ ಪ್ಯಾನಲ್ 60 ಡಿಗ್ರಿ ಮುಟ್ಟುತ್ತದೆ. ಸಿಲಿಕಾನ್ ಪ್ರತಿ ಡಿಗ್ರಿಗೆ 0.3-0.4% ಕಳೆದುಕೊಳ್ಳುತ್ತದೆ. ಅಂದರೆ ನೂರಕ್ಕೆ ಹತ್ತಕ್ಕೂ ಜಾಸ್ತಿ ಅಲ್ಲೇ ಹೋಯಿತು. ಆರ್ಗ್ಯಾನಿಕ್‌ನಲ್ಲಿ ಈ ಇಳಿತ ಕಡಿಮೆ.

ಮಾಳಿಗೆ_ಸೋಲಾರ್ | ಸಂಜೆ 4.05

ಇಳಿತ ಕಡಿಮೆ ಇರಬಹುದು. ದಿನಾ 60 ಡಿಗ್ರಿ ಕುದ್ದರೆ ನಿಮ್ಮ ಮಜ್ಜಿಗೆ ಹುಳಿ ಒಡೆಯುವುದಿಲ್ಲವಾ?

ಜಕ್ಕೂರು_ಜಂಕ್ಷನ್ | ಸಂಜೆ 4.30

😄 ಸರಿಯಾದ ಏಟು. ಒಡೆಯುತ್ತದೆ. ಸಣ್ಣ ಅಣುಗಳು ಬಿಸಿಗೆ ಮೆಲ್ಲಗೆ ಜರುಗಿ ಒಟ್ಟುಗೂಡುತ್ತವೆ. ಅದಕ್ಕೇ ಈಗ ವೈ6ಗಳನ್ನೇ ಪೋಣಿಸಿ ಉದ್ದ ಸರಪಳಿ ಮಾಡುವ ಕೆಲಸ ಜೋರಾಗಿದೆ. ಸರಪಳಿಯಾದರೆ ಜರುಗುವುದು ಕಷ್ಟ. ದಕ್ಷತೆ ಒಂದೆರಡು ಪಾಯಿಂಟ್ ಕಡಿಮೆಯಾದರೂ ಪದರ ಹದ ಬಿಡುವುದಿಲ್ಲ. ನನ್ನ ಕೇಳಿದರೆ ಇನ್ನು ಮುಂದೆ 20ರಿಂದ 21 ಮಾಡಿದವರಿಗಿಂತ 17ನ್ನು ಹಾಗೇ ಹತ್ತು ವರ್ಷ ಉಳಿಸಿದವರಿಗೆ ಚಪ್ಪಾಳೆ ಹೊಡೆಯಬೇಕು.

ಪೆರೋವ್_ಪ್ರೇಮಿ | ಸಂಜೆ 4.44

ಹಾಗಾದರೆ "ದಕ್ಷತೆ ಏರಿಸುವುದು ಹೇಗೆ" ಅನ್ನುವ ಚರ್ಚೆಯಲ್ಲಿ ಯಾಕೆ ಕೂತಿದ್ದೀರಿ ಗುರು?

ಪಾಲಿಹೌಸ್_ಪರಮೇಶಿ | ಸಂಜೆ 6.20

ಚಿಕ್ಕಬಳ್ಳಾಪುರದ ಹತ್ತಿರ ಒಂದೆಕರೆ ಪಾಲಿಹೌಸಿನಲ್ಲಿ ದಪ್ಪ ಮೆಣಸಿನಕಾಯಿ ಬೆಳೆಯುತ್ತೇನೆ. ನನ್ನ ಮಗಳು ಈ ಚರ್ಚೆ ತೋರಿಸಿದಳು. ಹಾಳೆ ಥರ ಇದ್ದು ಬೆಳಕು ಒಳಗೂ ಬಿಡುವ ಸೋಲಾರ್ ಇದರಲ್ಲಿ ಆಗುತ್ತದಂತೆ, ಹೌದಾ? ಬೇಸಿಗೆಯಲ್ಲಿ ನಾವೇ ನೆರಳಿನ ಬಲೆ ಕಟ್ಟುತ್ತೇವೆ. ಆ ಬಲೆಯೇ ಕರೆಂಟು ಕೊಟ್ಟರೆ ಡ್ರಿಪ್ಪಿನ ಮೋಟಾರಿಗೆ ಆಯಿತಲ್ಲ. ಕರೆಂಟು ರಾತ್ರಿ ಎರಡಕ್ಕೆ ಕೊಡುತ್ತಾರೆ, ಎದ್ದು ಹೋಗಿ ಮೋಟಾರ್ ಹಾಕುವುದು ಸಾಕಾಗಿದೆ.

ನ್ಯಾನೋ_ನಾಗವೇಣಿ | ಸಂಜೆ 6.48

ಪರಮೇಶಿಯವರೇ, ಈ ಇಡೀ ಚರ್ಚೆಯಲ್ಲಿ ಇದೇ ಒಳ್ಳೆಯ ಪ್ರಶ್ನೆ. ಎಲೆಗೆ ಬೇಕಾದ್ದು 400ರಿಂದ 700 ನ್ಯಾನೋಮೀಟರಿನ ಬೆಳಕು. ಅದರಾಚೆ ಇರುವ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಒಳಗೆ ಸೆಖೆ ಮಾಡುತ್ತದೆ ಅಷ್ಟೇ. ವೈ6 ಥರದ ಅಣುಗಳು ಆ ಆಚೆಯ ಬೆಳಕನ್ನೇ ಜಾಸ್ತಿ ಹೀರುತ್ತವೆ. ಹಾಗಾಗಿ ಗಿಡದ ಪಾಲನ್ನು ಬಿಟ್ಟು ಉಳಿದಿದ್ದರಲ್ಲಿ ಕರೆಂಟು ಮಾಡುವ ಹಾಳೆ ಲ್ಯಾಬಿನಲ್ಲಿ ಆಗಿದೆ. ಗಟ್ಟಿ ಸಿಲಿಕಾನ್‌ನಲ್ಲಿ ಹೀಗೆ ಬಣ್ಣ ಆರಿಸಿ ಬಿಡಲು ಬರುವುದಿಲ್ಲ. ದಕ್ಷತೆ ಕಡಿಮೆ, ಆದರೆ ನಿಮಗೆ ಜಾಗಕ್ಕೆ ಬರ ಇಲ್ಲವಲ್ಲ.

ಎಲ್ಬೆ_ದಂಡೆ | ಸಂಜೆ 7.05

ಆದರೆ ಈಗಲೇ ಅಡ್ವಾನ್ಸ್ ಕೊಡಬೇಡಿ ಯಜಮಾನರೇ. ಪಾಲಿಹೌಸ್ ಒಳಗೆ ಬೆವರು ಹರಿಯುವಷ್ಟು ತೇವ, ಮೇಲೆ ಬಿಸಿಲು. ಈ ಸೆಲ್‌ಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ನೀರಾವಿ ನುಸುಳದ ಹೊದಿಕೆ ಹಾಳೆಯ ಖರ್ಚೇ ಒಳಗಿನ ಸೆಲ್‌ನ ಖರ್ಚನ್ನು ಮೀರಬಹುದು.

ಪಾಲಿಹೌಸ್_ಪರಮೇಶಿ | ಸಂಜೆ 7.12

ಪಾಲಿ ಶೀಟನ್ನೇ ನಾವು ನಾಲ್ಕೈದು ವರ್ಷಕ್ಕೊಮ್ಮೆ ಬದಲಾಯಿಸುತ್ತೇವೆ ಸ್ವಾಮಿ. ಇದೂ ಅಷ್ಟು ಬಂದರೆ ಸಾಕು. 25 ವರ್ಷ ಯಾರು ಕೇಳಿದರು?

ಜಕ್ಕೂರು_ಜಂಕ್ಷನ್ | ಸಂಜೆ 7.20

ನೋಡಿ, ಕೊನೆಗೂ ಒಬ್ಬ ಗಿರಾಕಿ ಸಿಕ್ಕಿದರು.

ನಿವೃತ್ತ_ರಸಾಯನ | ರಾತ್ರಿ 8.15

ಮನೆಯೊಳಗಿನ ಉಪಯೋಗವನ್ನು ಯಾರೂ ಹೇಳಲಿಲ್ಲ. ಎಲ್‌ಇಡಿ ದೀಪದ ಬೆಳಕು ಕಾಣುವ ಬಣ್ಣಗಳಲ್ಲಿ ಮಾತ್ರ ಇರುತ್ತದೆ. ಅದಕ್ಕೆ ಹೊಂದುವ ಅಣು ಆರಿಸಿದರೆ ಆರ್ಗ್ಯಾನಿಕ್ ಸೆಲ್ ಆ ಬೆಳಕಿನಲ್ಲಿ 25% ಮೀರಿ ದಕ್ಷತೆ ಕೊಟ್ಟಿದೆ. ಸಿಗುವುದು ಮೈಕ್ರೋವ್ಯಾಟ್ ಲೆಕ್ಕದಲ್ಲಿ, ಫ್ಯಾನ್ ತಿರುಗಿಸಲು ಅಲ್ಲ. ಸಣ್ಣ ಸೆನ್ಸರಿಗೆ ಬ್ಯಾಟರಿ ಬದಲಾಯಿಸುವ ಗೋಳು ತಪ್ಪುತ್ತದೆ. ಅಲ್ಲಿ ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಬಾಳಿಕೆಯೂ ಜಾಸ್ತಿ.

ಬಿಸಿಲುಕುದುರೆ ಎಲ್ಲಿ ಹೋದರು?

ಬಿಸಿಲುಕುದುರೆ | ಶನಿವಾರ, ಸಂಜೆ 5.10

ಲ್ಯಾಬಿನಲ್ಲೇ ಇದ್ದೆ ಸಾರ್. ಡೈಕ್ಲೋರೋಬೆಂಜೀನ್ ಪಕ್ಕದ ಕೆಮಿಸ್ಟ್ರಿ ಡಿಪಾರ್ಟ್‌ಮೆಂಟಿನಲ್ಲಿ ಸಿಕ್ಕಿತು. ಪೆಟ್ರಿ ಡಿಶ್ ಮುಚ್ಚಿಟ್ಟೆ. ಬಣ್ಣ ತಿರುಗುವುದನ್ನು ನೋಡಲು ಜೂನಿಯರ್‌ಗಳೂ ಬಂದು ನಿಂತಿದ್ದರು, ಅಂಚಿನಿಂದ ನಡುವಿಗೆ ನೇರಳೆ ಹರಿದು ಬಂತು. ಆಮೇಲೆ ಅಲ್ಯೂಮಿನಿಯಂ ಹಾಕಿದ ನಂತರ 150 ಡಿಗ್ರಿಗೆ ಹತ್ತು ನಿಮಿಷ. ಈಗ 0.58 ವೋಲ್ಟ್, 8.1 ಮಿಲಿಆಂಪಿಯರ್, ಫಿಲ್ ಫ್ಯಾಕ್ಟರ್ 51%. ದಕ್ಷತೆ 2.4%. ಎಸ್ ಡೊಂಕು ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಮರುದಿನ ಅಳೆದರೆ ಮತ್ತೆ ಬರುತ್ತಿದೆ.

ಜಕ್ಕೂರು_ಜಂಕ್ಷನ್ | ಸಂಜೆ 5.32

ಭೇಷ್! ಮರುದಿನ ಬರುವುದು ಆ ಮಳೆ ಮತ್ತು ಅಲ್ಯೂಮಿನಿಯಂ ಕೆಲಸ. ಪೆಡಾಟ್ ಕೂಡ ತೇವ ಹೀರಿಕೊಳ್ಳುತ್ತದೆ, ಮೇಲಾಗಿ ಆಸಿಡ್, ಐಟಿಒ ತಿನ್ನುತ್ತದೆ. ಇನ್ನು ಸೆಲ್ಲನ್ನೇ ತಲೆಕೆಳಗು ಮಾಡಿ. ಐಟಿಒ ಮೇಲೆ ಜಿಂಕ್ ಆಕ್ಸೈಡ್, ಆಮೇಲೆ ನಿಮ್ಮ ಮಿಶ್ರಣ, ಮೇಲೆ ಮಾಲಿಬ್ಡಿನಂ ಆಕ್ಸೈಡ್ ಕೆಲವೇ ನ್ಯಾನೋಮೀಟರ್, ಕೊನೆಗೆ ಬೆಳ್ಳಿ. ಅಲ್ಯೂಮಿನಿಯಂ, ಪೆಡಾಟ್ ಎರಡೂ ಇಲ್ಲ. ಗ್ಲೋವ್ ಬಾಕ್ಸ್ ಇಲ್ಲದವರಿಗೆ ಇದೇ ಗತಿ. ಜಿಂಕ್ ಆಕ್ಸೈಡಿಗೆ ಜಿಂಕ್ ಅಸಿಟೇಟ್, ಮೆಥಾಕ್ಸಿ ಎಥನಾಲ್, ಸ್ವಲ್ಪ ಎಥನಾಲಮೀನ್ ಸಾಕು. ಸ್ಪಿನ್ ಮಾಡಿ 200 ಡಿಗ್ರಿಗೆ ಬಿಸಿ ಮಾಡಿ. ಮೆಥಾಕ್ಸಿ ಎಥನಾಲ್ ವಿಷ, ಫ್ಯೂಮ್ ಹುಡ್ ಒಳಗೇ ಮಾಡಿ.

ಎಲ್ಬೆ_ದಂಡೆ | ಸಂಜೆ 6.01

2.4% ಅಂದಿರಿ. ಅಳೆಯುವಾಗ ಮಾಸ್ಕ್ ಇಟ್ಟಿದ್ದಿರಾ?

ಬಿಸಿಲುಕುದುರೆ | ಸಂಜೆ 6.04

ಮಾಸ್ಕ್ ಅಂದರೆ?

ನ್ಯಾನೋ_ನಾಗವೇಣಿ | ಸಂಜೆ 6.06

ಅಯ್ಯೋ ದೇವರೇ.

ಎಲ್ಬೆ_ದಂಡೆ | ಸಂಜೆ 6.25

ಗಾಬರಿ ಬೇಡ, ಬಹಳ ಜನ ಇಲ್ಲಿ ಎಡವಿದ್ದಾರೆ. ಐಟಿಒ ಪಟ್ಟಿ ಮತ್ತು ಲೋಹದ ಪಟ್ಟಿ ಅಡ್ಡ ಹಾಯುವ ಚೌಕವನ್ನೇ ಸೆಲ್‌ನ ಅಗಲ ಅಂತ ನೀವು ಲೆಕ್ಕ ಹಾಕಿದ್ದೀರಿ. ಆದರೆ ಪೆಡಾಟ್ ಸುತ್ತಲೂ ಹರಡಿದೆ, ಅದೂ ಅಷ್ಟಿಷ್ಟು ಕರೆಂಟು ಹರಿಸುತ್ತದೆ. ಚೌಕದ ಹೊರಗೆ ಬಿದ್ದ ಬೆಳಕಿನ ಕರೆಂಟೂ ಒಳಗೆ ಬಂದು ಸೇರುತ್ತದೆ. ಸೆಲ್ ಸಣ್ಣದಿದ್ದಷ್ಟೂ ಈ ಪುಕ್ಕಟೆ ಕರೆಂಟು ಜಾಸ್ತಿ. ಚೌಕಕ್ಕಿಂತ ಸ್ವಲ್ಪ ಚಿಕ್ಕ ತೂತಿರುವ ತೆಳು ತಗಡನ್ನು ಗಾಜಿಗೆ ಅಂಟಿಸಿ, ಆ ತೂತಿನ ಅಳತೆಯಿಂದಲೇ ಭಾಗಿಸಿ. ತಗಡಿಗೆ ಮಂಕು ಕಪ್ಪು ಬಣ್ಣ ಬಳಿಯಿರಿ, ಹೊಳೆದರೆ ಬೆಳಕು ಚದುರುತ್ತದೆ.

ಜಕ್ಕೂರು_ಜಂಕ್ಷನ್ | ಸಂಜೆ 6.40

ಜೊತೆಗೆ, ಅಳೆಯುವಾಗ ಬಿಸಿಲಿನ ಬದಲು ಹಚ್ಚುವ ದೀಪದ ಲೆಕ್ಕವೂ ಇದೆ. ಚದರ ಸೆಂಟಿಮೀಟರಿಗೆ 100 ಮಿಲಿವ್ಯಾಟ್ ಅಂತ ಯಾವುದರಿಂದ ಹೊಂದಿಸಿದಿರಿ? ಸಿಲಿಕಾನ್ ರೆಫರೆನ್ಸ್ ಸೆಲ್‌ನಿಂದಾ? ಅದು 1100 ನ್ಯಾನೋಮೀಟರ್‌ವರೆಗೂ ನೋಡುತ್ತದೆ, ಪಿ3ಎಚ್‌ಟಿ 650ಕ್ಕೇ ನಿಲ್ಲುತ್ತದೆ. ದೀಪದಲ್ಲಿ ಇನ್‌ಫ್ರಾರೆಡ್ ಹೆಚ್ಚುಕಡಿಮೆ ಇದ್ದರೆ ಲೆಕ್ಕ ತಪ್ಪುತ್ತದೆ.

ಬಿಸಿಲುಕುದುರೆ | ಸಂಜೆ 6.52

ರೆಫರೆನ್ಸ್ ಸೆಲ್ ಸಿಲಿಕಾನ್‌ದೇ, ಮುಂದೆ ಫಿಲ್ಟರ್ ಇಲ್ಲ. ಹಾಗಾದರೆ ಮೊದಲಿನ 1.1% ಕೂಡ ಲೆಕ್ಕಕ್ಕಿಲ್ಲವಾ?

ಜಕ್ಕೂರು_ಜಂಕ್ಷನ್ | ಸಂಜೆ 7.00

ಫಿಲ್ ಫ್ಯಾಕ್ಟರ್ 32 ಹೋಗಿ 51 ಆದದ್ದು ನಿಜ. ಅದಕ್ಕೆ ಅಗಲವೂ ಬೇಕಿಲ್ಲ, ದೀಪವೂ ಅಷ್ಟು ಮುಖ್ಯವಲ್ಲ. ಕರೆಂಟಿನ ನಂಬರ್ ಮಾತ್ರ ಪೆನ್ಸಿಲ್‌ನಲ್ಲಿ ಬರೆದಿಡಿ. ಇಕ್ಯೂಇ ಸೆಟಪ್ (ಒಂದೊಂದು ಬಣ್ಣದ ಬೆಳಕಿಗೆ ಎಷ್ಟು ಕರೆಂಟು ಬರುತ್ತದೆ ಎಂದು ಅಳೆಯುವ ಸಾಧನ) ಇರುವ ಕಡೆ ಒಂದು ಸೆಲ್ ಅಳೆಸಿ. ಬೆಂಗಳೂರಿನಲ್ಲಿ ಐಐಎಸ್‌ಸಿ, ಜೆಎನ್‌ಸಿಎಎಸ್‌ಆರ್ ಎರಡೂ ಕಡೆ ಈ ಕೆಲಸ ಮಾಡುವ ಗುಂಪುಗಳಿವೆ. ಗೈಡ್ ಕಡೆಯಿಂದ ಒಂದು ಮೇಲ್ ಹಾಕಿಸಿ.

ಮಾಳಿಗೆ_ಸೋಲಾರ್ | ಸಂಜೆ 7.18

ತಗಡಿನ ಮಾಸ್ಕ್ ಬೇಕಂದ್ರೆ ನನಗೆ ಡ್ರಾಯಿಂಗ್ ಕಳಿಸು ತಮ್ಮ. ಇಲ್ಲಿ ಗೋಕುಲ ರೋಡ್ ಕಡೆ ಲೇಸರ್ ಕಟಿಂಗ್ ಮಾಡುವ ಗೆಳೆಯ ಇದ್ದಾನೆ. ಅರ್ಧ ಮಿಲಿಮೀಟರ್ ಸ್ಟೀಲ್ ಆಗ್ತದಾ?

ಬಿಸಿಲುಕುದುರೆ | ಸಂಜೆ 7.21

ತಮ್ಮ ಅಲ್ಲ ಅಣ್ಣಾ, ತಂಗಿ. ಅರ್ಧ ಮಿಲಿಮೀಟರ್ ದಪ್ಪ ಆಯಿತೇನೋ, ಎಲ್ಬೆಯವರನ್ನು ಕೇಳೋಣ.

ಎಲ್ಬೆ_ದಂಡೆ | ಸಂಜೆ 7.35

0.1 ಅಥವಾ 0.2 ಇರಲಿ. ದಪ್ಪ ಇದ್ದರೆ ತೂತಿನ ಅಂಚೇ ನೆರಳು ಹಾಕುತ್ತದೆ. ಕೊಯ್ದ ಮೇಲೆ ತೂತನ್ನು ಮೈಕ್ರೋಸ್ಕೋಪ್ ಕೆಳಗೆ ಅಳೆದುಕೊಳ್ಳಿ, ಡ್ರಾಯಿಂಗಿನ ಅಳತೆ ನಂಬಬೇಡಿ.

ಪೆರೋವ್_ಪ್ರೇಮಿ | ಸಂಜೆ 7.50

ನನಗೂ ಎರಡು ಮಾಸ್ಕ್ ಕೊಯ್ಸಿ ಸಾರ್. ದುಡ್ಡು ಎಷ್ಟಾಯಿತು ಹೇಳಿ.